ಕಥೆ ಹೇಳುವುದನ್ನು ಬಿಟ್ಟ ರಾಜಕುಮಾರ

ಪ್ರಿನ್ಸ್ ಆಫ್ ಪರ್ಶಿಯಾ ಎಂದರೆ ನಮ್ಮಲ್ಲಿ ಎರಡು ತಲೆಮಾರಿನವರಿಗೆ ಎರಡು ಬೇರೆ ಬೇರೆ ಆಟ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಅದು ಡಾಸ್‌ನಲ್ಲಿ ಓಡುತ್ತಿದ್ದ, ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕಿದ್ದ, ಜೋರ್ಡನ್ ಮೆಕ್ನರ್ ಬಹುಮಟ್ಟಿಗೆ ಒಬ್ಬರೇ ಕೂತು ಕಟ್ಟಿದ 1989ರ ಆಟ. ಅವರಿಗಿಂತ ಹತ್ತು ವರ್ಷ ಚಿಕ್ಕವರಿಗೆ, ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವರಿಗೆ, ಅದು 2004ರ ‘ವಾರಿಯರ್ ವಿದಿನ್’. ಎರಡೂ ಕೈಯಲ್ಲಿ ಕತ್ತಿ, ಹಿನ್ನೆಲೆಯಲ್ಲಿ ಹೆವಿ ಮೆಟಲ್, ಬೆನ್ನ ಹಿಂದೆ ದಹಾಕಾ ಎಂಬ ಕಪ್ಪು ಭೂತ. ಇವೆರಡರ ನಡುವೆ 2003ರಲ್ಲಿ ಬಂದ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಬಗ್ಗೆ ಕೇಳಿದರೆ, ‘ಚೆನ್ನಾಗಿದೆ, ಆದರೆ ಫೈಟು ಸಪ್ಪೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೊಸ ಸರಣಿಯ ಎರಡನೆಯದಾದ ‘ವಾರಿಯರ್ ವಿದಿನ್’ ಮೊದಲನೆಯದಾದ ‘ಸ್ಯಾಂಡ್ಸ್’ ಅನ್ನು ತಿದ್ದಿತು, ದೊಡ್ಡವರ ಆಟವಾಗಿಸಿತು ಎಂಬುದು ಇಪ್ಪತ್ತು ವರ್ಷಗಳಿಂದ ಚಲಾವಣೆಯಲ್ಲಿರುವ ತೀರ್ಪು. ಅದು ತಪ್ಪು ತೀರ್ಪು.

‘ಸ್ಯಾಂಡ್ಸ್’ ಶುರುವಾಗುವುದು ಒಂದು ರಾತ್ರಿ, ಅರಮನೆಯ ಮೊಗಸಾಲೆಯಲ್ಲಿ. ರಾಜಕುಮಾರ ಒಳಗೆ ಬಂದು ಯಾರಿಗೋ ಕಥೆ ಹೇಳಲು ತೊಡಗುತ್ತಾನೆ. ಮಹಾರಾಜನ ಅರಮನೆಯನ್ನು ಲೂಟಿ ಮಾಡಿದ್ದು, ಮರಳಿನ ಗಡಿಯಾರವನ್ನು ಅಜಾದ್ ನಗರಕ್ಕೆ ಸಾಗಿಸಿದ್ದು, ವಜೀರನ ಮಾತು ನಂಬಿ ಅದನ್ನು ತೆರೆದದ್ದು, ಇಡೀ ಊರು ಮರಳಿನ ಪಿಶಾಚಿಗಳಾದದ್ದು, ಮಹಾರಾಜನ ಮಗಳು ಫರಾ ಜೊತೆಯಾದದ್ದು. ನಾವು ಆಡುವುದೆಲ್ಲ ಅವನು ಹೇಳುತ್ತಿರುವ ಕಥೆ. ಆದ್ದರಿಂದ ಆಡುವವನು ಲೆಕ್ಕ ತಪ್ಪಿ ಕಂದಕಕ್ಕೆ ಬಿದ್ದು ಸತ್ತರೆ ರಾಜಕುಮಾರನ ದನಿ ನಡುವೆ ಬಾಯಿ ಹಾಕುತ್ತದೆ: ಛೆ, ನಡೆದದ್ದು ಹೀಗಲ್ಲ, ಮತ್ತೆ ಹೇಳುತ್ತೇನೆ ಎಂಬ ಅರ್ಥದ ಮಾತು. ಆಟ ಹಿಂದಿನ ಜಾಗಕ್ಕೆ ಮರಳುತ್ತದೆ.

ಇಷ್ಟೇ. ಸಣ್ಣ ಚಮತ್ಕಾರ ಎಂದು ದಾಟಿಹೋದವರೇ ಹೆಚ್ಚು. ಆದರೆ ವಿಡಿಯೋ ಗೇಮ್ ಎಂಬ ಮಾಧ್ಯಮ ಹುಟ್ಟಿದಾಗಿನಿಂದ ಅದಕ್ಕೆ ಅಂಟಿರುವ ಮುಜುಗರ ಇಲ್ಲಿಯೇ ಇದೆ. ನಾಯಕ ನೂರು ಸಲ ಸಾಯುತ್ತಾನೆ, ಕಥೆಯಲ್ಲಿ ಮಾತ್ರ ಒಂದು ಸಲವೂ ಸತ್ತಿರುವುದಿಲ್ಲ. ಮಿಕ್ಕ ಆಟಗಳು ‘ಗೇಮ್ ಓವರ್’ ಫಲಕ ಹಾಕಿ ಈ ಎಡವಟ್ಟನ್ನು ಕಂಡೂ ಕಾಣದಂತೆ ಇರುತ್ತವೆ. ಮೆಕ್ನರ್ ಬರೆದ ಈ ಆಟದಲ್ಲಿ ಆಡುವವನ ಕೈತಪ್ಪು ಹೇಳುವವನ ಬಾಯಿತಪ್ಪಾಗುತ್ತದೆ. ರಾಜಕುಮಾರನ ಬಳಿಯಿರುವ ಕಠಾರಿಯಲ್ಲಿ ಮರಳು ಉಳಿದಿದ್ದರೆ ಗುಂಡಿ ಒತ್ತಿ ಕಾಲವನ್ನು ಕೆಲವು ಕ್ಷಣ ಹಿಂದಕ್ಕೆ ಸರಿಸಬಹುದು, ಮರಳು ಮುಗಿದಿದ್ದರೆ ಕಥೆಗಾರನೇ ತಿದ್ದಿಕೊಳ್ಳುತ್ತಾನೆ. ಕಾಲವನ್ನು ಹಿಂದಕ್ಕೆಳೆಯುವ ಆ ಕಠಾರಿ ಕಥೆಗಾರನ ಅಧಿಕಾರದ ಚಿಕ್ಕ ರೂಪವೇ. ಆಟವನ್ನು ಸೇವ್ ಮಾಡಿದಾಗಲೂ ಅವನ ದನಿಯೇ ಬರುತ್ತದೆ, ಮುಂದಿನ ಸಲ ಇಲ್ಲಿಂದ ಶುರುಮಾಡುತ್ತೇನೆ ಎಂದು. ಹರಿಕಥೆಯ ದಾಸರು ನಡುವೆ ನಿಲ್ಲಿಸಿ ನಾಳೆ ಇಲ್ಲಿಂದ ಎಂದಂತೆ.

ಕಥೆ ಕೇಳುತ್ತಿರುವುದು ಯಾರು? ಆಟದ ಉದ್ದಕ್ಕೂ ನಾವೇ ಎಂದುಕೊಂಡಿರುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಎದುರಿಗಿರುವವಳು ಫರಾ. ಅವಳು ಸತ್ತಿದ್ದಳು. ಪ್ರಪಾತದ ಅಂಚಿನಲ್ಲಿ ಅವಳ ಕೈಯಲ್ಲಿದ್ದ ಕಠಾರಿಯ ಅಲಗನ್ನೇ ರಾಜಕುಮಾರ ಹಿಡಿದು ನೇತಾಡಿಸಿಕೊಂಡಿರುವಾಗ, ಅವನ ಅಂಗೈ ಕೊಯ್ಯುತ್ತಿರುವುದನ್ನು ಕಂಡು ಅವಳೇ ಹಿಡಿ ಬಿಟ್ಟಿದ್ದಳು. ಕಾಲ ಪೂರ್ತಿ ಹಿಂದಕ್ಕೆ ಹೋದ ಮೇಲೆ ಲೂಟಿಯೇ ನಡೆದಿಲ್ಲ, ಅವಳಿಗೆ ಇವನ ಪರಿಚಯವೂ ಇಲ್ಲ. ಹಾಗಾದರೆ ಅಷ್ಟು ಹೊತ್ತೂ ‘ನಡೆದದ್ದು ಹೀಗಲ್ಲ’ ಎಂದು ಸಾವನ್ನು ಅಲ್ಲಗಳೆಯುತ್ತಿದ್ದ ಆ ದನಿ, ಸತ್ತು ಬದುಕಿದವಳ ಎದುರಿಗೇ ಹಾಗೆ ಹೇಳುತ್ತಿತ್ತು. ಅವಳು ಹೆಸರು ಕೇಳಿದಾಗ ಅವನು ‘ಕಾಕೊಲುಕಿಯಾ’ ಎನ್ನುತ್ತಾನೆ. ಚಿಕ್ಕವಳಿದ್ದಾಗ ಹೆದರಿಕೆಯಾದರೆ ಹೇಳಿಕೊಳ್ಳುತ್ತಿದ್ದೆ ಎಂದು, ಅಳಿಸಿಹೋದ ಕಾಲದಲ್ಲಿ ಅವಳೇ ಅವನಿಗೆ ತಿಳಿಸಿದ್ದ ಗುಟ್ಟಿನ ಮಾತದು. ಆಟದ ಯಂತ್ರಾಂಗವೂ ಕಥೆಯೂ ಹೀಗೆ ಒಂದಕ್ಕೊಂದು ಹೆಣೆದುಕೊಂಡ ಉದಾಹರಣೆಗಳು ಆ ಕಾಲದ ದೊಡ್ಡ ಬಜೆಟ್ಟಿನ ಆಟಗಳಲ್ಲಿ ತೀರ ಕಡಿಮೆ.

ಒಂದು ವರ್ಷ ಕಳೆಯಿತು. ಹೊಗಳಿಕೆ ಬಂದಷ್ಟು ವೇಗವಾಗಿ ಮಾರಾಟ ಬಂದಿರಲಿಲ್ಲ. ಮೆಕ್ನರ್ ಮುಂದಿನ ಭಾಗದಲ್ಲಿ ಇರಲಿಲ್ಲ. ನಿರ್ದೇಶಕ ಪ್ಯಾಟ್ರಿಸ್ ಡೆಸಿಲೆ ಬೇರೆ ಯೋಜನೆಗೆ ಹೋದರು, ಅದೇ 2007ರಲ್ಲಿ ‘ಅಸ್ಯಾಸಿನ್ಸ್ ಕ್ರೀಡ್’ ಆಯಿತು. ರಾಜಕುಮಾರನ ಕಂಠವೂ ಬದಲಾಯಿತು: ಯೂರಿ ಲೋವೆಂಥಾಲ್ ಬದಲು ರಾಬಿನ್ ಆಟ್ಕಿನ್ ಡೌನ್ಸ್. ಮೊದಲ ಆಟದಲ್ಲಿ ತನ್ನಷ್ಟಕ್ಕೆ ಗೊಣಗುತ್ತ, ಫರಾಳ ಜೊತೆ ಜಗಳವಾಡುತ್ತ, ಸೋತಾಗ ನೆಪ ಹೇಳುತ್ತ ಇದ್ದ ಹುಡುಗ ಈಗ ಹಲ್ಲು ಕಡಿದೇ ಮಾತಾಡುತ್ತಾನೆ. ಸ್ಟುವರ್ಟ್ ಚಾಟ್‌ವುಡ್‌ರ ಸಂಗೀತದ ಜೊತೆಗೆ ಗಾಡ್‌ಸ್ಮ್ಯಾಕ್ ಎಂಬ ಅಮೆರಿಕದ ಮೆಟಲ್ ತಂಡದ ಹಾಡುಗಳೂ ಬಂದವು. ಮೊದಲನೆಯದಕ್ಕೆ ಹದಿಹರೆಯದವರು ಆಡಬಹುದೆಂಬ ದರ್ಜೆ ಇತ್ತು, ಇದಕ್ಕೆ ಹದಿನೇಳು ದಾಟಿದವರಿಗೆ ಎಂಬ ದರ್ಜೆ. ಆ ‘ಪ್ರೌಢತೆ’ ಎಂಥದ್ದೆಂದು ನೋಡಲು ಬಹಳ ದೂರ ಹೋಗಬೇಕಿಲ್ಲ. ಹಡಗಿನ ಕಾಳಗದಲ್ಲಿ ಶಹದೀ ಎಂಬ ಎದುರಾಳಿ ಕಾಣಿಸಿಕೊಂಡಾಗ ಕ್ಯಾಮೆರಾ ಮೊದಲು ಹೋಗಿ ನಿಲ್ಲುವುದು ಅವಳ ಹಿಂಭಾಗದ ಮೇಲೆ. ರಾಜಕುಮಾರ ಅವಳನ್ನು ಕರೆಯುವುದು ಬೈಗುಳದಿಂದ.

ಇದು ಬರೀ ಅಭಿರುಚಿಯ ಮಾತು ಎಂದು ಯಾರಾದರೂ ಹೇಳಬಹುದು. ಹೇಳಿದ್ದಾರೆ ಕೂಡ. ‘ವೈರ್ಡ್’ ಪತ್ರಿಕೆಗೆ 2005ರಲ್ಲಿ ಮೆಕ್ನರ್ ತಮಗೆ ಈ ಆಟದ ಕಲಾದೃಷ್ಟಿಯೂ ಹಿಂಸೆಯೂ ಹಿಡಿಸಲಿಲ್ಲವೆಂದಾಗ, ಅಭಿಮಾನಿಗಳು ಅದನ್ನು ಮನೆ ಬಿಟ್ಟುಹೋದ ಹಿರಿಯರ ಮುನಿಸು ಎಂಬಂತೆ ತಳ್ಳಿಹಾಕಿದರು. ಸರಿ, ಅಭಿರುಚಿಯನ್ನು ಪಕ್ಕಕ್ಕಿಡೋಣ. ರಕ್ತ, ಕೂಗಾಟ, ಗಿಟಾರ್ ಎಲ್ಲವನ್ನೂ ಮನ್ನಿಸೋಣ. ಆಗಲೂ ದೊಡ್ಡ ನಷ್ಟ ಹಾಗೇ ಉಳಿಯುತ್ತದೆ.

ಯಾಕೆಂದರೆ ‘ವಾರಿಯರ್ ವಿದಿನ್’ ಕೈಗೆತ್ತಿಕೊಂಡ ವಸ್ತು ಮೊದಲ ಆಟಕ್ಕಿಂತ ದೊಡ್ಡದು. ಏಳು ವರ್ಷಗಳ ನಂತರ, ಸಾಯಬೇಕಿದ್ದವನು ಸಾಯಲಿಲ್ಲ ಎಂಬ ಕಾರಣಕ್ಕೆ ದಹಾಕಾ ರಾಜಕುಮಾರನ ಬೆನ್ನು ಹತ್ತಿದೆ. ಅಂದರೆ ಮೊದಲ ಆಟದಲ್ಲಿ ಅವನು ಬಾಯಿಮಾತಿನಲ್ಲಿ ಅಳಿಸಿದ ಸಾವುಗಳಿಗೆ ಈಗ ಲೆಕ್ಕ ಕೇಳಲು ಬಂದವನಿದ್ದಾನೆ. ಇಷ್ಟು ಒಳ್ಳೆಯ ಎಳೆ ಸಿಕ್ಕಿದ ತಂಡ, ಸಾವನ್ನು ಏನು ಮಾಡಿತು? ದಹಾಕಾ ಹಿಡಿದು ನುಂಗುತ್ತದೆ, ಪರದೆ ಕಪ್ಪಾಗುತ್ತದೆ, ಹಿಂದಿನ ಸೇವ್ ಲೋಡ್ ಆಗುತ್ತದೆ. ತಿದ್ದುವ ದನಿಯಿಲ್ಲ, ಕೇಳುವವಳಿಲ್ಲ, ಭೂತ ಹಿಡಿದುಬಿಟ್ಟಿತ್ತಲ್ಲ ಎಂಬ ನೆನಪು ಯಾರಿಗೂ ಇಲ್ಲ. ಸಾವಿನಿಂದ ತಪ್ಪಿಸಿಕೊಂಡವನ ಕಥೆಯಲ್ಲೇ ಸಾವು ಬರೀ ತಾಂತ್ರಿಕ ಅಡಚಣೆಯಾಯಿತು. ದಹಾಕಾ ಅಟ್ಟಿಸಿಕೊಂಡು ಬರುವ ಓಟಗಳು ಎದೆ ನಡುಗಿಸುತ್ತವೆ, ಅನುಮಾನವಿಲ್ಲ. ಆದರೆ ನಾಲ್ಕನೇ ಸಲ ಸಿಕ್ಕಿಬಿದ್ದಾಗ ಅದು ಭೂತವಲ್ಲ, ಮತ್ತೆ ಅದೇ ಗೋಡೆಯ ಮೇಲೆ ಓಡಬೇಕಲ್ಲ ಎಂಬ ಬೇಸರ.

ಒಂದು ಕಡೆ ಆಟ ತನ್ನ ವಸ್ತುವಿನ ಎತ್ತರಕ್ಕೆ ಏರುತ್ತದೆ, ಅದನ್ನು ಹೇಳದಿದ್ದರೆ ಅನ್ಯಾಯ. ಕಥೆ ನಡೆಯುವ ದ್ವೀಪದಲ್ಲಿ ಆಗಾಗ ಕಣ್ಣಿಗೆ ಬೀಳುವ ಒಂದು ಕಪ್ಪು ಆಕೃತಿಯನ್ನು ದಹಾಕಾ ಎಳೆದೊಯ್ಯುವುದನ್ನು ರಾಜಕುಮಾರ ನೋಡುತ್ತಾನೆ. ಬಹಳ ಹೊತ್ತಿನ ಮೇಲೆ ಮುಖವಾಡ ಧರಿಸಿ ತಾನೇ ಆ ಆಕೃತಿಯಾಗುತ್ತಾನೆ, ಹಿಂದೆ ಕಂಡ ದೃಶ್ಯಗಳನ್ನೇ ಇನ್ನೊಂದು ಬದಿಯಿಂದ ಕಾಣುತ್ತಾನೆ. ಮುಖವಾಡ ಇರುವಷ್ಟು ಹೊತ್ತು ಪ್ರಾಣ ತಾನಾಗಿ ಸೋರುತ್ತಿರುತ್ತದೆ, ಮರಳು ತಾನಾಗಿ ತುಂಬುತ್ತಿರುತ್ತದೆ. ಇದು ನಿಜವಾದ ಕಲ್ಪನೆ. ಸುತ್ತಲಿನ ಗಂಟೆಗಳು, ಅಂದರೆ ತೋಟದ ಗೋಪುರ ಮತ್ತು ಯಂತ್ರದ ಗೋಪುರವನ್ನು ಹಿಂದಿನ ಕಾಲಕ್ಕೂ ಇಂದಿನ ಕಾಲಕ್ಕೂ ಓಡಾಡಿ ಚಾಲೂ ಮಾಡುವ ಗಂಟೆಗಳು, ಈ ಮಟ್ಟದಲ್ಲಿಲ್ಲ.

ಇನ್ನು ಫೈಟಿನ ವಿಚಾರ. ಮೊದಲ ಆಟದ ಕಾಳಗ ಸೊರಗಿತ್ತು ಎಂಬುದು ನಿಜ. ತಲೆಯ ಮೇಲಿಂದ ಹಾರಿ ಹಿಂದಿನಿಂದ ಹೊಡೆಯುವ ಒಂದೇ ಪಟ್ಟಿನಲ್ಲಿ ಬಹುಪಾಲು ಮುಗಿಯುತ್ತದೆ. ಕೊನೆಯ ಹೊತ್ತಿಗೆ ಲಿಫ್ಟಿನೊಳಗಿನ ಕಾದಾಟ ಸಹನೆ ಪರೀಕ್ಷೆ. ಎರಡನೆಯದರಲ್ಲಿ ಬಿದ್ದವರ ಆಯುಧ ಎತ್ತಿಕೊಳ್ಳಬಹುದು, ಎಸೆಯಬಹುದು, ಕಂಬ ಹಿಡಿದು ಸುತ್ತುತ್ತ ಹೊಡೆಯಬಹುದು. ಒಪ್ಪಿದೆ. ಆದರೆ ‘ಕೊರತೆ ತುಂಬಿತು’ ಎನ್ನುವವರು ಒಂದನ್ನು ಮರೆಯುತ್ತಾರೆ. ‘ಸ್ಯಾಂಡ್ಸ್’ನಲ್ಲಿ ಕೆಡವಿದ ಶತ್ರುವಿಗೆ ಕಠಾರಿ ಚುಚ್ಚಿ ಮರಳು ಹೀರದಿದ್ದರೆ ಅವನು ಮತ್ತೆ ಏಳುತ್ತಾನೆ; ಆ ಮರಳಿನಿಂದಲೇ ಮುಂದಿನ ಕಂದಕದಲ್ಲಿ ಪ್ರಾಣ ಉಳಿಯಬೇಕು. ಪಕ್ಕದಲ್ಲಿ ಬಿಲ್ಲು ಹಿಡಿದ ಫರಾ ಸತ್ತರೂ ಆಟ ಮುಗಿದಂತೆ. ಸಪ್ಪೆಯಾದರೂ ಅದು ಕಥೆಯೊಳಗಿನ ಕಾಳಗ. ನಿಧಾನಗತಿಯಲ್ಲಿ ತಲೆ ಹಾರಿಸುವುದಕ್ಕೆ ಕಥೆಯ ಹಂಗಿಲ್ಲ, ಯಾವ ಆಟಕ್ಕೂ ತಂದು ಅಂಟಿಸಬಹುದು.

‘ವಾರಿಯರ್ ವಿದಿನ್’ ತನ್ನ ಮುಕ್ತಾಯಕ್ಕೆ ಮಾಡಿದ್ದನ್ನು ನೋಡಿದರೆ ಆದ್ಯತೆಗಳು ಇನ್ನೂ ನಿಚ್ಚಳ. ಅದಕ್ಕೆ ಎರಡು ಕೊನೆಗಳಿವೆ. ಕಾಲದ ಸಾಮ್ರಾಜ್ಞಿ ಕೈಲೀನಾ, ಮೋನಿಕಾ ಬೆಲೂಚಿ ಕಂಠ ಕೊಟ್ಟ ಪಾತ್ರ, ಬದುಕುವ ಕೊನೆ ಬೇಕಾದರೆ ದ್ವೀಪದ ಮೂಲೆಮೂಲೆಯಲ್ಲಿ ಬಚ್ಚಿಟ್ಟ ಒಂಬತ್ತು ಪ್ರಾಣವರ್ಧಕಗಳನ್ನೂ ಹುಡುಕಿ ತೆಗೆಯಬೇಕು. 2005ರ ಮೂರನೆಯ ಆಟ ‘ದಿ ಟೂ ಥ್ರೋನ್ಸ್’ ಮುಂದುವರಿಯುವುದು ಆ ಗುಪ್ತ ಕೊನೆಯಿಂದಲೇ. ಅಂದರೆ ನಿಜವಾದ ಕಥೆ ಸಿಕ್ಕಿದ್ದು ಸಾಮಾನು ಕೂಡಿಹಾಕಿದವರಿಗೆ ಮಾತ್ರ, ಮಿಕ್ಕವರು ಸುಳ್ಳು ಕೊನೆ ನೋಡಿ ಕಂಪ್ಯೂಟರ್ ಆರಿಸಿದರು.

ಆ ಮೂರನೆಯ ಆಟದಲ್ಲಿ ಲೋವೆಂಥಾಲ್ ಕಂಠ ವಾಪಸು ಬಂತು, ಫರಾ ವಾಪಸು ಬಂದಳು. ಎರಡನೆಯದರ ಸಿಡುಕು ಪೂರ್ತಿ ಹೋಗಲಿಲ್ಲ. ಅದನ್ನು ರಾಜಕುಮಾರನ ಮೈಯೊಳಗೆ ಸೇರಿಕೊಂಡ ‘ಡಾರ್ಕ್ ಪ್ರಿನ್ಸ್’ ಎಂಬ ಇನ್ನೊಂದು ದನಿಯಾಗಿ ಮಾಡಿ, ಕೊನೆಗೆ ಸೋಲಿಸಬೇಕಾದ ಶತ್ರುವನ್ನಾಗಿಸಿದರು. ಪ್ರಕಾಶಕರಾದ ಯುಬಿಸಾಫ್ಟ್ ತನ್ನದೇ ಆಟದ ಬಗ್ಗೆ ಬರೆದ ವಿಮರ್ಶೆ ಎಂದರೆ ಇದೇ, ಅಭಿಮಾನಿಗಳಿಗೆ ಮಾತ್ರ ಅದು ಓದಲು ಸಿಕ್ಕಿಲ್ಲ. ‘ಸ್ಯಾಂಡ್ಸ್’ನ ಹೊಸ ಆವೃತ್ತಿಯನ್ನು ಯುಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳು ಕಟ್ಟುತ್ತವೆಂದು 2020ರಲ್ಲಿ ಪ್ರಕಟವಾದಾಗಲೂ ಗದ್ದಲ ಎದ್ದದ್ದು ಹೆಚ್ಚಾಗಿ ಟ್ರೇಲರ್‌ನ ಮುಖಗಳ, ಬೆಳಕಿನ ಬಗ್ಗೆ. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಗ್ರಾಫಿಕ್ಸ್ ಹಳೆಯದು, ಫೈಟು ಸರಿಮಾಡಿ ಎಂಬ ಬೇಡಿಕೆಗಳ ನಡುವೆ, ಸತ್ತಾಗ ಬರುವ ಆ ಮಾತನ್ನು ಹಾಗೇ ಉಳಿಸಿಕೊಳ್ಳಿ ಎಂದು ಕೇಳಿದ ದನಿಗಳು ಕಡಿಮೆ.