ಲೀಲಾವತಿ, ಅದಿತಿ ಮತ್ತು ಎಂಟನೇ ಮೈಲಿ

2023ರ ಡಿಸೆಂಬರ್ 8ರ ಸಂಜೆ ನಮ್ಮ ಎಂಟನೇ ಮೈಲಿಯ ಮನೆಯಲ್ಲಿ ಅನ್ನಕ್ಕಿಟ್ಟು ಟಿ.ವಿ. ಹಾಕಿದಾಗ, ನೆಲಮಂಗಲದ ಆಸ್ಪತ್ರೆಯಲ್ಲಿ ಲೀಲಾವತಿಯವರು ತೀರಿಕೊಂಡ ಸುದ್ದಿ ಬರುತ್ತಿತ್ತು. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ನೆಲಮಂಗಲ. ಆ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ಅವರು ಮಗ ವಿನೋದ್ ರಾಜ್ ಜೊತೆ ತೋಟ ಮಾಡಿಕೊಂಡಿದ್ದು, ಊರವರಿಗೆ ಆಸ್ಪತ್ರೆ ಕಟ್ಟಿಸಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಮರುದಿನದ ಪತ್ರಿಕೆಗಳ ತುಂಬ ಒಂದೇ ಮಾತು: ಅಮ್ಮ, ಅಮ್ಮ, ಅಮ್ಮ. ಓದುತ್ತ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸ್ವಲ್ಪ ಸಿಟ್ಟೂ ಬಂತು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 1960ರಲ್ಲಿ ‘ರಣಧೀರ ಕಂಠೀರವ’, ‘ರಾಣಿ ಹೊನ್ನಮ್ಮ’ ಚಿತ್ರಗಳಲ್ಲಿ ಈಕೆ ರಾಜಕುಮಾರ್ ಅವರ ಎದುರು ನಿಂತ ನಾಯಕಿ. 1969ರ ‘ಗೆಜ್ಜೆ ಪೂಜೆ’ಗೆ ಬರುವ ಹೊತ್ತಿಗೆ ಕಲ್ಪನಾಗೆ ತಾಯಿ. ಕಲ್ಪನಾ ಹುಟ್ಟಿದ್ದು 1943ರಲ್ಲಿ. ತೆರೆಯ ಮೇಲಿನ ಈ ತಾಯಿ ಮಗಳಿಗಿಂತ ಐದಾರು ವರ್ಷವಷ್ಟೇ ದೊಡ್ಡವರು. ಮೂವತ್ತು ಮುಟ್ಟಿದ ಹೆಣ್ಣಿನ ತಲೆಗೆ ನರೆ ಬಳಿದರು. ರಾಜಕುಮಾರ್ ಮಾತ್ರ 2000ದ ‘ಶಬ್ದವೇಧಿ’ಯವರೆಗೂ ನಾಯಕರೇ. ಅವರು ನಾಯಕರಾಗಿದ್ದುದಕ್ಕೆ ನನ್ನ ತಕರಾರಿಲ್ಲ, ಅವರ ಚಿತ್ರಗಳನ್ನು ಮೊದಲ ವಾರವೇ ನೋಡಿದವಳು ನಾನು.

ಆದರೂ ‘ಗೆಜ್ಜೆ ಪೂಜೆ’ಯನ್ನು ಇನ್ನೊಮ್ಮೆ ನೋಡಿ. ಎಲ್ಲರೂ ಕಲ್ಪನಾರ ಕಣ್ಣೀರನ್ನು ನೋಡುತ್ತಾರೆ, ನೋಡಲೇಬೇಕು. ನಾನು ಈಗೀಗ ಲೀಲಾವತಿಯವರನ್ನೇ ನೋಡುತ್ತೇನೆ. ಮಗಳ ಬದುಕು ತನ್ನದರ ಹಾಗಾಗಬಾರದು ಎಂಬ ಹಟ, ಅದನ್ನು ಗಟ್ಟಿಯಾಗಿ ಹೇಳಲಾರದ ಸೋಲು, ಎರಡನ್ನೂ ಆಕೆ ಸುಮ್ಮನೆ ನಿಂತೇ ತೋರಿಸುತ್ತಾರೆ. ಕೆಳಗಿಳಿಸಿ ಕೊಟ್ಟ ಪಾತ್ರವನ್ನು ಮೇಲೆತ್ತಿದ ಅಭಿನಯ ಅದು. ಈ ಪಾತ್ರಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ‘ಅಮ್ಮ’ ಎಂದು ಅಳುವವರು ಈ ಅಭಿನಯದ ಬಗ್ಗೆ ನಾಲ್ಕು ಸಾಲು ಬರೆಯಬಾರದಿತ್ತೇ?

ಗಾಲ್ಫ್ ವಿಷಯ ನನಗೆ ಕಲಿಸಿದವಳು ನನ್ನ ಮಗಳು. ಶ್ರೀಮಂತರು ಊಟ ಕರಗಿಸಲು ಹುಲ್ಲಿನ ಮೇಲೆ ಓಡಾಡುವ ಆಟ ಎಂದೇ ತಿಳಿದಿದ್ದೆ. 2021ರ ಆಗಸ್ಟ್ 7ರಂದು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡುತ್ತಿದ್ದಾಳೆ ಎಂದು ನಸುಕಿಗೇ ಎಬ್ಬಿಸಿದಳು. ಎಷ್ಟು ಕಡಿಮೆ ಹೊಡೆತದಲ್ಲಿ ಚೆಂಡು ಕುಳಿ ಸೇರಿತು ಎಂಬುದೇ ಲೆಕ್ಕವಂತೆ. ವಿಶ್ವದಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ, ಅದೇ ಬೇಸಗೆಯಲ್ಲಿ ಕೋವಿಡ್‌ನಿಂದ ಸುಸ್ತಾದವಳು, ನಾಲ್ಕು ದಿನಗಳಲ್ಲಿ 269 ಹೊಡೆತ. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಅಂದೇ ಸಂಜೆ ನೀರಜ್ ಚೋಪ್ರಾಗೆ ಚಿನ್ನ ಬಂತು, ನಾಲ್ಕನೆಯವಳು ಮರೆತುಹೋದಳು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏಳು ಹೊಡೆತ ಮುಂದಿದ್ದೂ ಕೊನೆಯ ದಿನ ಎಡವಿದಳು, ಬೆಳ್ಳಿ ಬಂತು.

ಈ ಆಟದಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ. ಚೀಟಿಯಲ್ಲಿ ಹೊಡೆತವಷ್ಟೇ ಬರೆಯುತ್ತಾರೆ, ಮುಖ ಬರೆಯುವುದಿಲ್ಲ, ವಯಸ್ಸು ಬರೆಯುವುದಿಲ್ಲ. ಅಮೆರಿಕದ ಜೂಲಿ ಇಂಕ್‌ಸ್ಟರ್ ಎಂಬಾಕೆ, ಇಬ್ಬರು ಹೆಣ್ಣುಮಕ್ಕಳ ತಾಯಿ, 2002ರಲ್ಲಿ 42ನೇ ವಯಸ್ಸಿಗೆ ಅಮೆರಿಕದ ಮಹಿಳಾ ಓಪನ್ ಗೆದ್ದರು. ನಮ್ಮ ಸಿನಿಮಾದಲ್ಲಿ ಆ ವಯಸ್ಸಿಗೆ ಅಜ್ಜಿ ಪಾತ್ರ ಸಿಕ್ಕರೆ ಪುಣ್ಯ.

ಹಾಗೆಂದು ಆ ಹುಲ್ಲು ಎಲ್ಲರ ಕಾಲಿಗೂ ಸಿಗುತ್ತದೆಯೇ? ಅದಿತಿ ಐದನೇ ವಯಸ್ಸಿಗೇ ಆಟ ಶುರು ಮಾಡಿದವಳು; ಅಪ್ಪ ಅಮ್ಮ ಇಬ್ಬರೂ ಬೆನ್ನಿಗಿದ್ದರು. ನಮ್ಮ ಪೀಣ್ಯದ ಮಕ್ಕಳಿಗೆ ಆಡಲು ಕಾರ್ಖಾನೆ ಗೋಡೆ ಪಕ್ಕದ ರಸ್ತೆಯೇ ಗತಿ. ಅನಾಥ ಬಾಲ್ಯದ ಲೀಲಾವತಿ ಬೆಳ್ತಂಗಡಿಯಿಂದ ಬಂದು ನಾಟಕದ ಮೂಲಕ ಸಿನಿಮಾ ಸೇರಿದರು. ಆ ಬಾಗಿಲು ಬಡವರ ಮಗಳಿಗೆ ತೆರೆದಿತ್ತು, ನಿಜ.

ಇಷ್ಟು ಯೋಚಿಸಲು ನನಗೂ ಕಾರಣವಿದೆ. ಇಲ್ಲಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನೇಳು ವರ್ಷ ಟೈಲರ್ ಆಗಿದ್ದೆ. ಕಾಲರ್ ಹೊಲಿಯುವ ಕೆಲಸ. ಗಂಟೆಗೆ ಎಷ್ಟು ಪೀಸು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನನ್ನದು ಒಂದು ದಿನವೂ ಕಡಿಮೆಯಾಗಿರಲಿಲ್ಲ. ನಲವತ್ಮೂರಕ್ಕೆ ನನ್ನನ್ನು ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ಹೆಲ್ಪರ್ ಮಾಡಿದರು. ‘ಹೊಸ ಹುಡುಗೀರ ಕೈ ಚುರುಕು ಅಕ್ಕ’ ಎಂದ ಸೂಪರ್‌ವೈಸರ್. ಬೋರ್ಡು ಅವನ ಬೆನ್ನ ಹಿಂದೆಯೇ ಇತ್ತು, ತಿರುಗಿ ನೋಡಲಿಲ್ಲ. ನಾನೂ ತೋರಿಸಲಿಲ್ಲ. ಅದೇ ಇವತ್ತಿಗೂ ಉರಿಯುತ್ತದೆ.

ಟೋಕಿಯೋದಲ್ಲಿ ಅದಿತಿಯ ಕೋಲುಗಳ ಚೀಲ ಹೊತ್ತು ನಾಲ್ಕು ದಿನವೂ ಜೊತೆಗೆ ನಡೆದವರು ಆಕೆಯ ತಾಯಿ ಮಹೇಶ್ವರಿ. 2016ರ ರಿಯೋದಲ್ಲಿ ತಂದೆ ಹೊತ್ತಿದ್ದರು. ಟಿ.ವಿ.ಯಲ್ಲಿ ಆ ತಾಯಿ ಕಂಡಾಗಲೆಲ್ಲ ನನ್ನ ಮಗಳು ‘ಅಮ್ಮಾ, ನೋಡು ನೋಡು’ ಎನ್ನುತ್ತಿದ್ದಳು. ಚೀಲ ಎಷ್ಟು ಭಾರವಿರುತ್ತದೆ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.