ಕೋಲಾಟದ ಪದವೂ ಅದರ ವಿಮರ್ಶೆಯೂ

ಕೋಲಾಟದ ಪದಗಳನ್ನು ಅಚ್ಚಿನಲ್ಲಿ ಓದಿದ ಪಂಡಿತರು ಬಹುಧಾ ಎರಡು ದೋಷಗಳನ್ನು ಎತ್ತಿ ಹೇಳುವರು: ಒಂದು ಪುನರುಕ್ತಿ, ಇನ್ನೊಂದು ಅರ್ಥದ ಕೃಶತೆ. ಕೋಲನ್ನೇ ಕರೆಯುವ ಪಲ್ಲವಿಯು ಚರಣ ಚರಣಕ್ಕೂ ಮರಳಿ ಬರುವುದು. ಕಥೆಯು ಒಂದಡಿ ಸರಿದು ನಿಂತುಬಿಡುವುದು. ಅಲಂಕಾರಶಾಸ್ತ್ರದ ಅಳತೆಗೋಲಿನಿಂದ ಈ ಆಕ್ಷೇಪವು ನ್ಯಾಯವೆಂದೇ ತೋರೀತು. ಆದರೆ ಆ ಅಳತೆಗೋಲು ಇಲ್ಲಿ ಸಲ್ಲುವುದೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಹಬ್ಬದ ಅಥವಾ ಜಾತ್ರೆಯ ಸಂಜೆ ಗುಡಿಯ ಮುಂದಿನ ಬಯಲಿನಲ್ಲಿ ಮೇಳವು ಕೂಡುವುದನ್ನು ಕಂಡವರಿಗೆ ವಿಷಯವು ವಿಶದವಾಗುವುದು. ಆಡುವವರು ಸಮಸಂಖ್ಯೆಯವರು; ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಕೋಲು; ಒಬ್ಬರಿಗೊಬ್ಬರು ಜೋಡಿ. ಮುಂದಾಳು ಚರಣವನ್ನು ಎತ್ತುವನು, ಉಳಿದವರು ಒಕ್ಕೊರಲಿನಿಂದ ಹಿಡಿಯುವರು, ತಾಳವು ಲಯವನ್ನು ಕಾಯುವುದು. ಚರಣದ ಮಾತನ್ನು ಕೇಳುವಾಗ ಹೆಜ್ಜೆಯು ಸರಳವಾಗಿರುವುದು. ಪಲ್ಲವಿಯು ಬಂದೊಡನೆ ಆಟಗಾರನು ತಿರುಗಿ, ತನ್ನ ಜೋಡಿಯನ್ನು ಬಿಟ್ಟು, ಮುಂದಿನವನ ಕೋಲಿಗೆ ಕೋಲು ಕೊಡುವನು. ಆಗ ಹೊಸ ಅರ್ಥವು ಬಂದರೆ ಹೆಜ್ಜೆ ತಪ್ಪುವುದು. ಆದುದರಿಂದ ಓದುವವನಿಗೆ ಪುನರುಕ್ತಿಯೆನಿಸಿದುದು ಆಡುವವನಿಗೆ ಅವಕಾಶವು. ಜಡೆಕೋಲಾಟದಲ್ಲಂತೂ ಹೆಣೆದ ಹಗ್ಗವನ್ನು ಮರಳಿ ಬಿಚ್ಚಲೇಬೇಕು; ಮರಳುವಿಕೆಯೇ ಅಲ್ಲಿಯ ರಚನೆಯು.

ಶಾಸ್ತ್ರಕಾರರು ಇದನ್ನು ಅರಿಯದವರಲ್ಲ. ಹರಿವಂಶದಲ್ಲಿ ಹಲ್ಲೀಸಕ ಕ್ರೀಡೆಯುಂಟು. ಭಾಸನದೆನ್ನುವ ಬಾಲಚರಿತದ ಮೂರನೆಯ ಅಂಕದಲ್ಲಿ ಗೊಲ್ಲರು ಹಲ್ಲೀಸಕವನ್ನು ಆಡುವರು. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ 18 ಉಪರೂಪಕಗಳನ್ನು ಹೇಳುವಾಗ ರಾಸಕವನ್ನೂ ಹಲ್ಲೀಶವನ್ನೂ ಎಣಿಸಿದ್ದಾನೆ. ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕೋಲು ಹಿಡಿದು ಆಡುವ ಹೆಂಗಸರನ್ನು ಇಂದಿಗೂ ಕಾಣಬಹುದು. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸಿ, ಓದದೆಯೂ ಕಾವ್ಯಪ್ರಯೋಗವನ್ನು ಬಲ್ಲ ಜನರನ್ನು ಮನ್ನಿಸಿದೆ. ಆ ಕೊಪಣವೇ ಕೊಪ್ಪಳವೆಂದು ವಿದ್ವಾಂಸರು ಒಪ್ಪಿರುವರು. ಅಂಥ ನಾಡಿನ ವಿಮರ್ಶಕರು ಹಳ್ಳಿಯ ಪದವನ್ನು ಕೃಶವೆಂದು ತಳ್ಳುವುದು ಸೋಜಿಗವೇ ಸರಿ.

ಈ ಸೀಮೆಯ ಮೊಹರಮ್ಮಿನ ಹೆಜ್ಜೆ ಕುಣಿತವೂ ಇದೇ ಮಾತನ್ನು ಸಮರ್ಥಿಸುವುದು. ಅಲಾಯಿ ಕುಣಿಯ ಸುತ್ತ ಹಲಗೆಯ ನಾದಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ಒಂದೇ ಸುತ್ತಿನಲ್ಲಿ ಹೆಜ್ಜೆ ಹಾಕುವರು. ಕರ್ಬಲೆಯ ಶೋಕವನ್ನು ಹೇಳುವ ರಿವಾಯತ್ ಪದದಲ್ಲಿಯೂ ಮಾತು ಮಿತವು, ಮರುಕಳಿಕೆ ಹೆಚ್ಚು. ದುಃಖವು ಅಲ್ಲಿ ವಿವರಣೆಯಿಂದಲ್ಲ, ಹೆಜ್ಜೆಯ ಭಾರದಿಂದಲೇ ತಿಳಿಯುವುದು.

ಇನ್ನು ಇಂದಿನ ಪ್ರಯೋಗಗಳ ವಿಷಯ. ಶಾಲೆಗಳಲ್ಲಿ, ಸ್ಪರ್ಧೆಗಳಲ್ಲಿ ಕೋಲಾಟವು ಹೊಸದಾಗಿ ತಲೆಯೆತ್ತಿರುವುದು ಸಂತೋಷಕರವು. ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿ ಕಲಿಯುತ್ತಿರುವುದು ಇನ್ನೂ ಸಂತೋಷಕರವು. ಆದರೆ ರಂಗಮಂಟಪವನ್ನೇರಿದ ಕೋಲಾಟವು ಸುತ್ತನ್ನು ಮುರಿದು ಸಾಲಾಗಿ ನಿಂತು ಪ್ರೇಕ್ಷಕರ ಕಡೆಗೆ ಮುಖ ಮಾಡುವುದು. ಬಯಲಿನಲ್ಲಿ ಜೋಡಿಯ ಕಣ್ಣನ್ನು ನೋಡುತ್ತಿದ್ದವನು ಇಲ್ಲಿ ತೀರ್ಪುಗಾರರ ಕಣ್ಣನ್ನು ನೋಡುವನು. ಇದಕ್ಕಿಂತ ದೊಡ್ಡ ಹಾನಿಯು ಮುದ್ರಿತ ಹಾಡಿನಿಂದ. ಹಾಡುವ ಮುಂದಾಳು ಮುದುಕನ ಹೆಜ್ಜೆ ಸೋತುದನ್ನು ಕಂಡು ಲಯವನ್ನು ತುಸು ಇಳಿಸುವನು. ಹುಡುಗನು ಸುತ್ತಿನಲ್ಲಿ ತಪ್ಪಿದರೆ ಪಲ್ಲವಿಯನ್ನು ಇನ್ನೊಮ್ಮೆ ಹೇಳಿ ಅವನನ್ನು ಸಾಲಿಗೆ ಸೇರಿಸುವನು. ಯಂತ್ರವು ಯಾರಿಗಾಗಿಯೂ ನಿಲ್ಲುವುದಿಲ್ಲ. ಅಲ್ಲಿ ತಪ್ಪಿದವನು ಹೊರಗುಳಿಯಬೇಕು. ಹಾಗಾಗದಿರಲೆಂದು ತಪ್ಪದವರನ್ನೇ ಆರಿಸಬೇಕು. ಊರಿನ ಆಟವು ಹೀಗೆ ಆಯ್ದ ಕೆಲವರ ಪ್ರದರ್ಶನವಾಗುವುದು.

ರಸವಿಚಾರದಲ್ಲಿ ನಟನೂ ಸಹೃದಯನೂ ಬೇರೆ ಬೇರೆ. ಕೋಲಾಟದಲ್ಲಿ ಇಬ್ಬರೂ ಒಬ್ಬನೇ, ಆಡಿದವನೇ ಸವಿದವನು. ಆದುದರಿಂದ ಪದಗಳನ್ನು ಸಂಗ್ರಹಿಸುವವರು ಬರಿಯ ಮಾತನ್ನು ಅಚ್ಚಿಸದೆ, ಕೋಲಿನ ಪೆಟ್ಟು ಯಾವ ಅಕ್ಷರದ ಮೇಲೆ ಬೀಳುವುದು, ಯಾವಲ್ಲಿ ಜೋಡಿಯು ಬದಲಾಗುವುದು ಎಂಬುದನ್ನೂ ಗುರುತು ಹಾಕಿ ಕೊಡಬೇಕು. ತೀರ್ಪು ಹೇಳುವವರು ಉಡುಪಿನ ಮೆರುಗಿಗಿಂತ ಮೊದಲು, ಹಾಡು ಆಡುವವರ ಬಾಯಿಂದ ಬಂದಿತೇ ಎಂದು ಕೇಳಬೇಕು. ಇವೆರಡೂ ನಡೆದಲ್ಲಿ ಪದಕ್ಕೆ ಅಂಟಿಸಿದ ಪುನರುಕ್ತಿದೋಷವು ತಾನಾಗಿಯೇ ಕಳಚಿಬೀಳುವುದು.