ಕಲ್ಲಿನಲ್ಲಿ ಸಮನ್ವಯ : ಉಸ್ಮಾನಿಯಾ ಕಲಾ ಕಾಲೇಜಿನ ಕಟ್ಟಡವನ್ನು ಕುರಿತು

ಕಾವ್ಯವನ್ನು ವಿಮರ್ಶಿಸುವಂತೆ ಕಟ್ಟಡವನ್ನೂ ವಿಮರ್ಶಿಸಬಹುದೆಂದರೆ ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ಕವಿಗೆ ಶಬ್ದವು ಹೇಗೋ ವಾಸ್ತುಶಿಲ್ಪಿಗೆ ಕಲ್ಲು, ಗಾರೆ, ಮರಗಳು ಹಾಗೆಯೇ ಸಾಮಗ್ರಿ. ಸಾಮಗ್ರಿಯ ಗುಣವನ್ನರಿಯದೆ ಶೈಲಿಯನ್ನು ಅಳೆಯಲಾಗದು. ಈ ದೃಷ್ಟಿಯಿಂದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಕಲಾ ಕಾಲೇಜಿನ ಕಟ್ಟಡವನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ. ಪಶ್ಚಿಮ ತೆಲಂಗಾಣದ ಕನ್ನಡಿಗರಾದ ನಮಗೆ ಅದು ಪರಕೀಯವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳೂ ನಮ್ಮ ಊರುಗಳೂ ಒಂದೇ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ನಮ್ಮ ಹಿರಿಯರಲ್ಲಿ ಪದವೀಧರರಾದವರು ಅನೇಕರು ಆ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಬಂದವರೇ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ, ಆ ಮಹಾದ್ವಾರದ ಮುಂದೆ ಒಬ್ಬ ಹುಡುಗನು, “ಸರ್, ಇದು ಮಸೀದಿಯೇನ್ರಿ, ಗುಡಿಯೇನ್ರಿ?” ಎಂದು ಕೇಳಿದನು. “ಎರಡೂ ಅಲ್ಲಪ್ಪ, ಕಾಲೇಜು” ಎಂದು ನಾವು ಹೇಳಿ ಮುಂದೆ ನಡೆದೆವು. ಆದರೆ ಆ ಉತ್ತರದಿಂದ ನಮಗೇ ತೃಪ್ತಿಯಾಗಲಿಲ್ಲ. ಈ ಲೇಖನವು ಆ ಹುಡುಗನಿಗೆ ಸಲ್ಲಬೇಕಾದ ಉಳಿದ ಉತ್ತರ.

ವಿಶ್ವವಿದ್ಯಾನಿಲಯದ ಸ್ಥಾಪನೆ 1918ರಲ್ಲಿ ಆಯಿತು. ಸ್ವಂತ ಕಟ್ಟಡದ ಯೋಜನೆ ಬಂದಾಗ ಸಯ್ಯದ್ ಅಲಿ ರಜಾ ಮತ್ತು ಜೈನ್ ಯಾರ್ ಜಂಗ್ ಎಂಬಿಬ್ಬರನ್ನು ಪರದೇಶಗಳ ವಿದ್ಯಾಪೀಠಗಳನ್ನು ನೋಡಿಬರಲು ಕಳುಹಿಸಲಾಯಿತು. ಕಲಾ ಕಾಲೇಜಿನ ವಿನ್ಯಾಸವು ಬೆಲ್ಜಿಯಮ್ ದೇಶದ ಅರ್ನೆಸ್ಟ್ ಜಾಸ್ಪರ್ ಅವರದು. ಅವರು ಈಜಿಪ್ಟಿನ ಹೆಲಿಯೊಪೊಲಿಸ್ ನಗರದಲ್ಲಿ ಕಟ್ಟಡಗಳನ್ನು ರಚಿಸಿ ಹೆಸರಾಗಿದ್ದವರು. 1934ರ ಜುಲೈಯಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಶಂಕುಸ್ಥಾಪನೆ ಮಾಡಿದರು. 1939ರ ಡಿಸೆಂಬರಿನಲ್ಲಿ ಪ್ರಾರಂಭೋತ್ಸವ ನಡೆಯಿತು.

ಈ ಕಟ್ಟಡವನ್ನು ಕುರಿತು ರೂಢಿಯಲ್ಲಿರುವ ಮಾತೆಂದರೆ, ಇದು ‘ಹಿಂದೂ-ಮುಸ್ಲಿಂ ಶೈಲಿಗಳ ಮಿಶ್ರಣ’ ಎಂಬುದು. ಕೆಳ ಅಂತಸ್ತಿನ ನೇರ ತೊಲೆ, ಕಂಬ, ಬೋದಿಗೆಗಳು ಹಿಂದೂ. ಮೇಲಂತಸ್ತಿನ ಮೊನಚು ಕಮಾನುಗಳು ಮುಸ್ಲಿಂ. ಕಂಬಗಳಲ್ಲಿ ಅಜಂತಾ-ಎಲ್ಲೋರಗಳ ಛಾಯೆ. ಹೀಗೆ ಅಂಗಾಂಗಗಳನ್ನು ಎಣಿಸಿ ಪಟ್ಟಿ ಮಾಡುವುದು ವಾಡಿಕೆಯಾಗಿದೆ. ಇದು ಸುಳ್ಳಲ್ಲ, ಆದರೆ ವಿಮರ್ಶೆಯೂ ಅಲ್ಲ. ಪದ್ಯವೊಂದರಲ್ಲಿ ಸಂಸ್ಕೃತ ಶಬ್ದಗಳೆಷ್ಟು, ದೇಶ್ಯಗಳೆಷ್ಟು ಎಂದು ಎಣಿಸಿದ ಮಾತ್ರಕ್ಕೆ ಕಾವ್ಯಗುಣವು ತಿಳಿಯುವುದೇ? ಮೇಲಾಗಿ, ಆ ಹೆಸರುಗಳೂ ಪೂರ್ತಿ ಸರಿಯಲ್ಲ. ದಖ್ಖನದ ಸುಲ್ತಾನರ ಕಟ್ಟಡಗಳಲ್ಲಿಯೂ ಕಲ್ಲಿನ ಸೂರನ್ನು ಹೊತ್ತ ಬೋದಿಗೆಗಳ ಸಾಲು ಉಂಟು. ಕಮಾನು ಹೊರನಾಡಿನಿಂದ ಬಂದದ್ದೇ ಆದರೂ ಕಲಬುರಗಿಯ ಕೋಟೆಯಲ್ಲಿ 1367ರಲ್ಲಿ ಜಾಮಿ ಮಸೀದಿಯು ಎದ್ದ ಮೇಲೆ ಅದು ಈ ನೆಲದ ಆಸ್ತಿಯೇ ಆಯಿತು. ಇವನ್ನು ಮತದ ಹೆಸರಿನಿಂದ ವಿಂಗಡಿಸುವುದಕ್ಕಿಂತ ದಖ್ಖನದ್ದು ಎಂದು ಕರೆಯುವುದೇ ಯುಕ್ತ.

ಹಾಗಾದರೆ ಈ ಭಿನ್ನ ಅಂಗಗಳನ್ನು ಒಂದಾಗಿ ಹಿಡಿದಿರುವುದು ಯಾವುದು? ನಮ್ಮ ಅಭಿಪ್ರಾಯದಲ್ಲಿ ಅದು ಕಲ್ಲು. ಹೈದರಾಬಾದಿನ ಸುತ್ತಲೂ ಬಂಡೆಗುಡ್ಡಗಳಾಗಿ ಹರಡಿರುವ ಗ್ರಾನೈಟನ್ನೇ ಇಲ್ಲಿ ಬಳಸಲಾಗಿದೆ. ನಸುಗೆಂಪು ಛಾಯೆಯ ಆ ಒಂದೇ ಕಲ್ಲು ತೊಲೆಯಿಂದ ಕಮಾನಿನವರೆಗೆ ವ್ಯಾಪಿಸಿದೆ. ಗ್ರಾನೈಟು ಬಹಳ ಕಠಿಣ. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿನಂತೆ ಅದು ಉಳಿಗೆ ಸುಲಭವಾಗಿ ಒಲಿಯದು. ಆದ್ದರಿಂದ ಅಲಂಕಾರವು ತಾನಾಗಿಯೇ ಮಿತವಾಗುತ್ತದೆ. ಗೋಡೆಯ ಗಾತ್ರ, ಬಿಸಿಲು-ನೆರಳುಗಳ ಆಟ, ತೆರಪುಗಳ ಲಯ ಇವೇ ಸೌಂದರ್ಯವನ್ನು ಹೊರಬೇಕಾಗುತ್ತದೆ.

ಇದನ್ನು ಎರಡು ಹಳೆಯ ಕಟ್ಟಡಗಳೊಡನೆ ಹೋಲಿಸಿದರೆ ವಿಷಯವು ಸ್ಪಷ್ಟವಾಗುವುದು. 1591ರ ಚಾರ್ಮಿನಾರಿನ ಒಡಲೂ ಗ್ರಾನೈಟೇ. ಆದರೆ ಅದರ ಹೂಬಳ್ಳಿಗಳ ಅಲಂಕಾರವು ಮೇಲೆ ಮೆತ್ತಿದ ಗಚ್ಚಿನದು. ಬೀದರದಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು ಉಸ್ಮಾನಿಯಾಕ್ಕಿಂತ ನಾಲ್ಕೂವರೆ ಶತಮಾನ ಹಿಂದಿನ ವಿದ್ಯಾಲಯ. ಮೂರು ಅಂತಸ್ತು, ಉಪನ್ಯಾಸದ ಹಜಾರಗಳು, ಗ್ರಂಥಾಲಯ, ಗುರುಶಿಷ್ಯರ ವಸತಿ ಎಲ್ಲವೂ ಅಲ್ಲಿದ್ದವು. ಅದರ ಮುಖಭಾಗಕ್ಕೆ ಪಾರಸಿ ಮಾದರಿಯ ನೀಲಿ, ಹಳದಿ, ಬಿಳಿ ಬಣ್ಣದ ಮೆರುಗು ಬಿಲ್ಲೆಗಳನ್ನು ಹೊದಿಸಿದ್ದರು. 17ನೆಯ ಶತಮಾನದ ಅಂತ್ಯದ ಅಪಘಾತದಲ್ಲಿ ಕಟ್ಟಡದ ಒಂದು ಪಾರ್ಶ್ವವು ಕುಸಿಯಿತು. ಬಿಲ್ಲೆಗಳೂ ಬಹುಪಾಲು ಉದುರಿಹೋಗಿ ಒಳಗಿನ ಒರಟು ಗೋಡೆ ಕಾಣಿಸುತ್ತಿದೆ. ಉಳಿದಿರುವ ಬಿಲ್ಲೆಗಳ ಚೆಲುವಿಗೆ ಮಾರುಹೋಗದವರಿಲ್ಲ. ಆದರೆ ಆ ಚೆಲುವು ಹೊದಿಕೆಯದು. ಕಲಾ ಕಾಲೇಜಿನಲ್ಲಿ ಹೊದಿಕೆಯೂ ಒಡಲೂ ಒಂದೇ. ಅದಕ್ಕೆಂದೇ ವಿದೇಶೀಯನ ನಕ್ಷೆಯಾದರೂ ಅದು ನೆಲದಿಂದ ಮೂಡಿಬಂದಂತೆ ತೋರುತ್ತದೆ.

ದೋಷಗಳನ್ನೂ ಹೇಳದಿರಲಾಗದು. ಮುಂಭಾಗದ ಉನ್ನತ ದ್ವಾರವು ಕಟ್ಟಡದ ಬಹುಪಾಲು ಶಕ್ತಿಯನ್ನು ತಾನೇ ಹೀರಿಕೊಂಡಿದೆ. ಅದರ ಭವ್ಯತೆ ಅರಮನೆಗೆ ಒಪ್ಪುವಂತಹದು. ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಯನ್ನು ಆಹ್ವಾನಿಸುವುದಕ್ಕಿಂತ ಬೆರಗುಗೊಳಿಸುವುದೇ ಹೆಚ್ಚು. ಬೀದರದ ಮದರಸದಲ್ಲಿ ಅಂಗಳವನ್ನು ಸುತ್ತುವರಿದ ಕೋಣೆಗಳ ಆಪ್ತತೆ ಇಲ್ಲಿಲ್ಲ.

ಇದಕ್ಕಿಂತ ಗಹನವಾದ ವೈಷಮ್ಯ ಇನ್ನೊಂದಿದೆ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಬೋಧಿಸಿದ ಮೊದಲ ಆಧುನಿಕ ವಿಶ್ವವಿದ್ಯಾನಿಲಯವೆಂಬ ಕೀರ್ತಿ ಉಸ್ಮಾನಿಯಾದ್ದು. ವೈದ್ಯ, ವಿಜ್ಞಾನಗಳನ್ನು ಸಹ ಉರ್ದುವಿನಲ್ಲಿ ಕಲಿಸಿ, ಅದಕ್ಕೆಂದು ಅನುವಾದ ಸಂಸ್ಥೆಯನ್ನೇ ನಡೆಸಿ, ದೇಶಭಾಷೆಗೆ ಈ ಶಕ್ತಿಯಿದೆಯೆಂದು ತೋರಿಸಿಕೊಟ್ಟರು. ಕನ್ನಡ ಮಾಧ್ಯಮಕ್ಕಾಗಿ ದುಡಿಯುವ ನಾವು ಈ ಋಣವನ್ನು ಒಪ್ಪಿಕೊಳ್ಳಲೇಬೇಕು. ಆದರೆ ರಾಜ್ಯದ ಬಹುಜನರ ಮಾತು ತೆಲುಗು, ಮರಾಠಿ, ಕನ್ನಡ. ಇವು ಅಲ್ಲಿ ಓದುವ ವಿಷಯಗಳಾದುವೇ ಹೊರತು ಓದಿಸುವ ಮಾಧ್ಯಮವಾಗಲಿಲ್ಲ. ಗೋಡೆಯಲ್ಲಿ ಎಲ್ಲರ ಶೈಲಿಗೂ ಎಡೆ ದೊರೆಯಿತು. ಗೋಡೆಯೊಳಗಿನ ಪಾಠದಲ್ಲಿ ಎಲ್ಲರ ನುಡಿಗೂ ದೊರೆಯಲಿಲ್ಲ. 1948ರ ತರುವಾಯ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. ಸಮನ್ವಯವು ಕಲ್ಲಿನಲ್ಲೇ ಉಳಿಯಿತು.

ಇದರಿಂದ ಗಡಿನಾಡಿನ ಉಪಾಧ್ಯಾಯರು ಕಲಿಯಬೇಕಾದ ಪಾಠವೊಂದುಂಟು. ತಾಂಡೂರಿನ ಹಾಸುಗಲ್ಲು, ಗಡಿಯಾಚೆಯ ಶಹಾಬಾದದ ಹಾಸುಗಲ್ಲು ಎರಡೂ ಭೀಮಾ ಸೀಮೆಯ ಸುಣ್ಣಗಲ್ಲಿನ ಪದರಗಳವೇ. ಆ ಕಲ್ಲು ಹಾಸಿದ ನೆಲದ ಮೇಲೆ ಕುಳಿತು ನಮ್ಮ ಮಕ್ಕಳು ಕನ್ನಡ ಓದುತ್ತಾರೆ. ಹೊಸ ಶಾಲಾಕಟ್ಟಡಗಳು ಸಿಮೆಂಟಿನಲ್ಲಿ ಏಳಲಿ, ಬೇಡವೆನ್ನುವುದಿಲ್ಲ. ಆದರೆ ಕೋಣೆಗಳು ಏರುತ್ತ ಕನ್ನಡ ಕಲಿಸುವ ಗುರುಗಳ ಹುದ್ದೆಗಳು ಖಾಲಿ ಬಿದ್ದರೆ ಆ ಕಟ್ಟಡಗಳಿಂದೇನು ಫಲ? ಕಲಾ ಕಾಲೇಜಿನ ಶಿಲ್ಪಿಗಳು ಗೋಡೆಯಲ್ಲಿ ಸಾಧಿಸಿದ್ದನ್ನು ನಾವು ತರಗತಿಯಲ್ಲಿ ಸಾಧಿಸಬೇಕಾಗಿದೆ. ಆ ಹುಡುಗನು ಮತ್ತೊಮ್ಮೆ ಕೇಳಿದರೆ, “ಇದು ನಮ್ಮ ದಖ್ಖನದ ಕಟ್ಟಡವಪ್ಪ, ಇದರಲ್ಲಿ ನಿನ್ನ ಪಾಲೂ ಇದೆ” ಎಂದು ಹೇಳುವೆವು.